ಮಾಡಿದ್ದು ಯಾರು?

ಒಂದು ಶುಕ್ರವಾರ ರಾತ್ರಿ, ಟೆಸ್ಟ್ ಡೇಟಾಬೇಸ್ ಅಂದ್ಕೊಂಡು ಪ್ರೊಡಕ್ಷನ್ ಡೇಟಾಬೇಸ್ ಮೇಲೆ ಸ್ಕ್ರಿಪ್ಟ್ ಓಡಿಸಿಬಿಟ್ಟೆ. ಎರಡು ಗಂಟೆ ಸರ್ವಿಸ್ ಬಂದ್. ಸೋಮವಾರ ವರದಿ ಕೊಡಬೇಕಿತ್ತು. ‘ಎ ಸ್ಕ್ರಿಪ್ಟ್ ವಾಸ್ ಎಕ್ಸಿಕ್ಯೂಟೆಡ್ ಆನ್ ದಿ ರಾಂಗ್ ಡೇಟಾಬೇಸ್’ ಅಂತ ಬರೆದೆ. ಭಾನುವಾರ ಇಂಗ್ಲಿಷ್ ಪಾಠಕ್ಕೆ ಹೋದಾಗ ಮೇಡಂಗೆ ತೋರಿಸಿದೆ. ಅವರು ರಿಟೈರ್ಡ್ ಲೆಕ್ಚರರ್. ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದರು: ‘ಮಾಡಿದ್ದು ಯಾರು?’

‘ಗ್ರಾಮರ್ ಸರಿ ಇದೆಯಲ್ಲ ಮೇಡಂ?’ ಅಂದೆ.

‘ಸರಿ ಇದೆ. ಅದಕ್ಕೇ ನೀವು ಅದರ ಹಿಂದೆ ಆರಾಮಾಗಿ ಕೂತಿದ್ದೀರಿ.’

ನಾನು ಆವತ್ತಿಂದ ಯೋಚನೆ ಮಾಡ್ತಾ ಇರೋದು ಈ ತಿದ್ದುಪಡಿಯ ಬಗ್ಗೆ. ನನ್ನಂಥವರು ಇಂಗ್ಲಿಷ್ ಕಲಿತದ್ದು ಕೆಂಪು ಇಂಕಿನ ಭಯದಲ್ಲಿ. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ಮಾಡೋದನ್ನ ಮಗ್ಗಿ ಥರ ಉರು ಹೊಡೆದೆವು. ಯಾವಾಗ ಮಾಡಬೇಕು, ಯಾಕೆ ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಹಾಗಾಗಿ ‘ಇಂಗ್ಲಿಷ್ ಸುಧಾರಿಸೋದು’ ಅಂದರೆ ಕೆಂಪು ಗುರುತು ಬೀಳದ ಹಾಗೆ ಬರೆಯೋದು ಅಂತಲೇ ತಿಳಿದೆವು. ಕೆಲಸಕ್ಕೆ ಸೇರಿದ ಮೇಲೂ ಅಷ್ಟೇ. ‘ಇಟ್ ಹ್ಯಾಸ್ ಬೀನ್ ಅಬ್ಸರ್ವ್ಡ್’ ಅಂತ ಶುರು ಮಾಡಿದರೆ ಗೌರವ ಬಂತು ಅನ್ನೋ ಭಾವನೆ. ಈಗಿನ ಗ್ರಾಮರ್ ಆ್ಯಪಿಗೆ ನನ್ನ ಆ ಸಾಲು ಕೊಟ್ಟು ನೋಡಿದೆ. ಇನ್ನೂ ನುಣುಪು ಮಾಡಿಕೊಟ್ಟಿತು. ಆದರೆ ಮಾಡಿದವನು ಆಗಲೂ ನಾಪತ್ತೆ.

ತಮಾಷೆ ಅಂದರೆ, ನಮ್ಮ ಕಬ್ಬಾಳಿನಲ್ಲಿ ಹೀಗೆ ತಪ್ಪಿಸಿಕೊಳ್ಳೋಕೆ ಭಾಷೆಯೇ ಬಿಡಲ್ಲ. ರೇಷ್ಮೆ ಹುಳಕ್ಕೆ ನೆಂದ ಸೊಪ್ಪು ಹಾಕಿದರೆ ರೋಗ ಬರುತ್ತೆ. ‘ನೆಂದ ಸೊಪ್ಪು ಹಾಕ್ದೋರ್ ಯಾರ್ಲಾ?’ ಅಂತ ಅವ್ವ ಕೇಳಿದರೆ ‘ಸೊಪ್ಪು ಹಾಕಲ್ಪಟ್ಟಿತು’ ಅನ್ನೋಕಾಗುತ್ತಾ? ‘ನಾನೇ ಕಣವ್ವ’ ಅನ್ನಲೇಬೇಕು. ‘ಕ್ರಮ ಕೈಗೊಳ್ಳಲಾಗುವುದು’ ಅನ್ನೋ ಕನ್ನಡ ಇರೋದು ಕಚೇರಿಯ ನೋಟೀಸಿನಲ್ಲಿ, ಹುಳದ ಮನೆಯಲ್ಲಲ್ಲ. ಮೇಡಂ ತಿದ್ದಿದ್ದು ನನ್ನ ಇಂಗ್ಲಿಷನ್ನೇ. ಆದರೆ ಆ ಪ್ರಶ್ನೆ ಅವ್ವನದೇ.

ತಿದ್ದುವವರ ಕಥೆ ಬಂದರೆ ಮೈಸೂರಿನ ಇಬ್ಬರನ್ನು ನೆನೆಯಲೇಬೇಕು. ಕುವೆಂಪು ಅವರ ಮೊದಲ ಪುಸ್ತಕ 1922ರ ‘ಬಿಗಿನರ್ಸ್ ಮ್ಯೂಸ್’, ಇಂಗ್ಲಿಷ್ ಪದ್ಯಗಳದ್ದು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತಮ್ಮ ಇಂಗ್ಲಿಷ್ ಕವಿತೆ ತೋರಿಸಿದರು. ಕಸಿನ್ಸ್ ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು. ‘ನೆನಪಿನ ದೋಣಿಯಲ್ಲಿ’ ಓದಿದವರಿಗೆ ಇದು ಗೊತ್ತಿರೋದೇ. ಇನ್ನೊಬ್ಬರು ಆರ್.ಕೆ. ನಾರಾಯಣ್. ಅವರ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಗೆಳೆಯರೊಬ್ಬರು ಇಂಗ್ಲೆಂಡಿನಲ್ಲಿ ಗ್ರಹಾಂ ಗ್ರೀನ್ ಕೈಗೆ ಕೊಟ್ಟರು. ಗ್ರೀನ್ ಹೆಸರು ಬದಲಿಸಲು ಸೂಚಿಸಿದರು, ಪ್ರಕಾಶಕರನ್ನು ಹುಡುಕಿಕೊಟ್ಟರು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂತು. ಮುಂದೆಯೂ ಗ್ರೀನ್ ಅವರ ಇಂಗ್ಲಿಷನ್ನು ಅಲ್ಲಲ್ಲಿ ತಿದ್ದಿದ್ದುಂಟು, ಆದರೆ ಮಾಲ್ಗುಡಿಯನ್ನು ಇಂಗ್ಲೆಂಡ್ ಮಾಡಲಿಲ್ಲ.

ನಾವು ಕಸಿನ್ಸ್ ಕಥೆಯನ್ನು ಕನ್ನಡದ ಗೆಲುವು ಅಂತ ರಾಜ್ಯೋತ್ಸವದಲ್ಲಿ ಹೇಳಿ ಚಪ್ಪಾಳೆ ತಗೋತೀವಿ. ಅಷ್ಟಕ್ಕೇ ನಿಲ್ಲಿಸೋದು ನನಗೆ ಒಪ್ಪಿಗೆಯಿಲ್ಲ. ಹಾಗಾದರೆ ಗ್ರೀನ್ ಮಾಡಿದ್ದು ತಪ್ಪಾ? ನನಗಂತೂ ಇಂಗ್ಲಿಷ್ ಬಿಡೋ ಅನುಕೂಲವೇ ಇಲ್ಲ, ಸಂಬಳ ಬರೋದು ಅದರಿಂದ. ಇಬ್ಬರ ಸಲಹೆ ಬೇರೆಬೇರೆಯಾದರೂ ಫಲ ಒಂದೇ: ತಿದ್ದಿಸಿಕೊಂಡ ಮೇಲೆ ಆ ಬರಹ ಬರೆದವರಿಗೆ ಇನ್ನಷ್ಟು ಸ್ವಂತವಾಯಿತು. ನನ್ನ ಪ್ರಕಾರ ತಿದ್ದುಪಡಿಯನ್ನು ಅಳೆಯೋ ಅಳತೆ ಇದೇ. ನುಣುಪಾಗಿ, ಯಾರದ್ದೂ ಅಲ್ಲದ ಹಾಗೆ ಆದರೆ ಅದು ಇಸ್ತ್ರಿ ಅಷ್ಟೇ.

‘ಪೋಸ್ಟ್‌ಮಾರ್ಟಂ ವರದಿ ಬ್ಲೇಮ್‌ಲೆಸ್ ಆಗಿರಬೇಕಲ್ಲ, ಯಾರು ಅಂತ ಯಾಕೆ ಬರೀಬೇಕು?’ ಅಂತ ನಮ್ಮ ಫೀಲ್ಡಿನವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೇರೆಯವರ ಹೆಸರಾಗಿದ್ದರೆ ನಾನೂ ಬರೀತಿರಲಿಲ್ಲ. ಆದರೆ ಬ್ಲೇಮ್‌ಲೆಸ್ ಅಂದರೆ ಬೈಯಬೇಡಿ ಅಂತ, ನಡೆದದ್ದನ್ನು ಮುಚ್ಚಿ ಅಂತಲ್ಲ. ‘ಐ ರ‍್ಯಾನ್ ದಿ ಸ್ಕ್ರಿಪ್ಟ್’ ಅಂತ ಬರೆದ ಮೇಲೆ ಮುಂದಿನ ಸಾಲು ತಾನಾಗೇ ಬಂತು: ನನಗೆ ಎರಡೂ ಟರ್ಮಿನಲ್ ಒಂದೇ ಥರ ಕಾಣ್ತಿತ್ತು, ಯಾವ ಎಚ್ಚರಿಕೆಯೂ ಬರಲಿಲ್ಲ. ಮೊದಲಿನ ವಾಕ್ಯದಲ್ಲಿ ಕಣ್ಣೇ ಇರಲಿಲ್ಲ, ಇನ್ನು ಏನು ಕಾಣಿಸೀತು?

ಕಳಿಸೋ ಬಟನ್ ಒತ್ತುವಾಗ ಕೈ ನಡುಗಿದ್ದು ನಿಜ. ಈಗ ನಮ್ಮ ಪ್ರೊಡಕ್ಷನ್ ಟರ್ಮಿನಲ್ ಕೆಂಪು ಬಣ್ಣದ್ದು. ಸ್ಕ್ರಿಪ್ಟ್ ಓಡಿಸೋ ಮೊದಲು ಡೇಟಾಬೇಸಿನ ಹೆಸರು ಟೈಪ್ ಮಾಡಬೇಕು. ಆ ಬದಲಾವಣೆ ಮಾಡಿದ್ದು ಯಾರು ಅಂತೀರಾ? ನಾನೇ.