ಒಡ್ಡಿನ ಜಾಲಿಗೆ ಯಾವ ಗರಗಸ?

ಕಲಬುರಗಿ ಜಿಲ್ಲೆಯ ಕಿಣ್ಣಿ ಸುಲ್ತಾನ ಊರಿನ ಸುತ್ತಿನ ಕರಿನೆಲದಲ್ಲಿ ಕಾಡೆಂಬುದು ಇಲ್ಲ, ಮರಗಳು ಮಾತ್ರ ಇವೆ. ಹೊಲದ ಒಡ್ಡಿನ ಮೇಲೆ ಬೇವು, ಕರಿಜಾಲಿ. ಬಾವಿಯ ಮಗ್ಗುಲಿಗೆ ಹುಣಸೆಯೋ ಮಾವೋ. ಹಳ್ಳದ ದಂಡೆಗುಂಟ ಬಳ್ಳಾರಿ ಜಾಲಿ. ಆಳಂದದಿಂದ ಅಫಜಲಪುರದ ಭೀಮಾ ತೀರಕ್ಕೆ, ಅಲ್ಲಿಂದ ಜೇವರ್ಗಿಗೆ ಹೋದರೂ ಬಹುಮಟ್ಟಿಗೆ ಇದೇ ನೋಟ. ಇಂಥದೊಂದು ಮರ ಗಾಳಿಗೆ ಬಿದ್ದರೆ ತುಂಡಾಗಿ ಒಲೆಗೋ ಇಟ್ಟಿಗೆ ಭಟ್ಟಿಗೋ ಹೋಗುತ್ತದೆ. ತಬ್ಬಿದರೂ ಕೈಗೆ ಸಿಗದ ಬೇವಿನ ಗತಿಯೂ ಅದೇ. ಮನೆ ಕಟ್ಟುವವರು ಮಾತ್ರ ಚೌಕಟ್ಟಿಗೆಂದು ‘ಮಲೇಷಿಯಾ ಸಾಲ್’ ಹೆಸರಿನ ಹೊರನಾಡಿನ ಕಟ್ಟಿಗೆಗೆ ದುಡ್ಡು ಸುರಿಯುತ್ತಾರೆ. ಬೇವಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಹಾಗಿದ್ದೂ ಅದನ್ನು ಸುಡುತ್ತಿದ್ದೇವಲ್ಲ ಎಂಬ ಸಂಕಟದಿಂದಲೇ ಹೊಲಕ್ಕೆ ಬಂದು ಹಲಗೆ ಕೊಯ್ಯುವ ಯಂತ್ರಗಳನ್ನು ಇಲ್ಲಿ ತೂಗಿ ನೋಡುತ್ತಿದ್ದೇನೆ.

ಗರಗಸವೇ ಮರದ ಬಳಿಗೆ ಹೋಗುವುದು ಹೊಸದೇನಲ್ಲ. ದಿಮ್ಮಿಯನ್ನು ಎತ್ತರಕ್ಕೇರಿಸಿ, ಬಣ್ಣದ ದಾರ ಮಿಡಿದು ಗೆರೆ ಹಾಕಿ, ಮೇಲೊಬ್ಬ ಕೆಳಗೊಬ್ಬ ನಿಂತು ಕೊಯ್ಯುವ ಜೋಡಿಗಳು ಊರೂರಿಗೆ ಬರುತ್ತಿದ್ದವು. ಪೇಟೆಯ ಸಾಮಿಲ್ಲು ಬಂದ ಮೇಲೆ ಆ ಕಸುಬು ಹೋಯಿತು. ಆದರೆ ಒಂದೇ ಒಂದು ಮರಕ್ಕಾಗಿ ಟ್ರ್ಯಾಕ್ಟರ್ ಬಾಡಿಗೆ, ಹೇರುವ ಆಳು, ಸಾಗಣೆಯ ಪರವಾನಗಿ ಎಂದು ಲೆಕ್ಕ ಹಾಕಿದ ರೈತನಿಗೆ ಸೌದೆಯವನಿಗೆ ಮಾರುವುದೇ ಸಲೀಸಾಗಿ ಕಾಣುತ್ತದೆ.

ಇಂಥ ಯಂತ್ರಗಳ ಜಾಹೀರಾತಿನಲ್ಲಿ ಕೊಯ್ಯುವುದು ನೆಟ್ಟಗೆ ಬೆಳೆದ ಪೈನ್ ದಿಮ್ಮಿಗಳನ್ನು. ನಮ್ಮ ದಿಮ್ಮಿ ಐದಾರು ಅಡಿಯದು, ಸೊಟ್ಟ, ಗಂಟುಗಂಟು. ತೊಗಟೆಯಲ್ಲಿ ಎರೆಮಣ್ಣು ಮೆತ್ತಿರುತ್ತದೆ. ಒಳಗೆ ಯಾರೋ ಎಂದೋ ಬಡಿದ ಮೊಳೆ, ಎತ್ತು ಕಟ್ಟಿದ ಬಳೆ, ಬೇಲಿಯ ತಂತಿ. ಎಷ್ಟು ಅಶ್ವಶಕ್ತಿ, ಎಷ್ಟು ದಪ್ಪದ ಮರ ಎಂಬ ಅಂಕಿಗಳನ್ನು ಬದಿಗಿಟ್ಟು, ಇಂಥ ದಿಮ್ಮಿಯನ್ನು ಯಾವ ಯಂತ್ರ ಹೇಗೆ ನಡೆಸಿಕೊಳ್ಳುತ್ತದೆ ಎಂದೇ ಕೇಳಬೇಕು.

ಎಲ್ಲಕ್ಕಿಂತ ಅಗ್ಗದ್ದು ಚೈನ್‌ಸಾಗೆ ಸಿಕ್ಕಿಸುವ ಲೋಹದ ಚೌಕಟ್ಟು. ಅಮೆರಿಕದ ಗ್ರಾನ್‌ಬರ್ಗ್ ಕಂಪನಿಯ ಅಲಾಸ್ಕನ್ ಮಿಲ್ ಇದರಲ್ಲಿ ಹೆಸರಾದದ್ದು. ಹೆಗಲ ಮೇಲೆ ಹೊತ್ತು ಹಳ್ಳಕ್ಕೂ ಇಳಿಯಬಹುದು. ಮೊಳೆ ತಾಗಿದರೆ ಅರ ಹಿಡಿದು ಹಲ್ಲು ಮಸೆದುಕೊಂಡರಾಯಿತು. ಆದರೆ ಅದರ ಸೀಳು 8ರಿಂದ 10 ಮಿಲಿಮೀಟರ್ ಅಗಲ. 300 ಮಿಲಿಮೀಟರ್ ದಪ್ಪದ ಚೌಕ ತೊಲೆಯಿಂದ 25 ಮಿಲಿಮೀಟರಿನ ಹಲಗೆ ತೆಗೆಯುತ್ತೀರಿ ಎನ್ನಿ. ಸೀಳು 9 ಮಿಲಿಮೀಟರ್ ಆದರೆ ಸಿಗುವುದು 9 ಹಲಗೆ, ಪುಡಿಯಾಗುವುದು 72 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಕಾಲುಭಾಗ. ಜೊತೆಗೆ ಬಿಸಿಲಲ್ಲಿ ಮೊಣಕಾಲೂರಿ, ಹೊಗೆ ಕುಡಿಯುತ್ತ ಅದನ್ನು ತಳ್ಳಬೇಕು. ಘಾನಾದಲ್ಲಿ ಮಾರಾಟಕ್ಕಾಗಿ ಚೈನ್‌ಸಾದಿಂದ ಹಲಗೆ ಕೊಯ್ಯುವುದನ್ನು 1998ರಲ್ಲೇ ನಿಷೇಧಿಸಿದರು. ಮರ ಹಾಳಾಗುತ್ತದೆ ಎಂಬುದೂ ಅದಕ್ಕೊಂದು ಕಾರಣ. ಎತ್ತಲಾಗದ ಒಂದು ದೊಡ್ಡ ಮರಕ್ಕೆ ಇದು ಸರಿ, ದಿನನಿತ್ಯದ ಕಸುಬಿಗೆ ಸಲ್ಲದು.

ಆಸ್ಟ್ರೇಲಿಯಾದ ಲ್ಯೂಕಸ್, ನ್ಯೂಜಿಲೆಂಡಿನ ಪೀಟರ್ಸನ್ ಯಂತ್ರಗಳ ರೀತಿ ಬೇರೆ. ಬಿದ್ದ ಮರದ ಮೇಲೆಯೇ ಹಳಿ ಜೋಡಿಸುತ್ತಾರೆ. ದುಂಡು ಬ್ಲೇಡು ಒಮ್ಮೆ ಅಡ್ಡ, ಒಮ್ಮೆ ನೆಟ್ಟಗೆ ತಿರುಗಿ ಹಲಗೆಯನ್ನು ಬಿಡಿಸಿಕೊಡುತ್ತದೆ. ಸೀಳು ಸುಮಾರು 5 ಮಿಲಿಮೀಟರ್, ಅದೇ ತೊಲೆಗೆ 10 ಹಲಗೆ. ಮೊಳೆ ತಾಗಿದರೆ ಬ್ಲೇಡಿನ ಗಟ್ಟಿ ತುದಿಗಳನ್ನಷ್ಟೇ ಬದಲಿಸಬಹುದು. ಯಂತ್ರ ಅಚ್ಚುಕಟ್ಟಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ತನ್ನ ಭಾರಕ್ಕೇ ಅಲುಗದೆ ಬಿದ್ದಿರುವ ಮಹಾವೃಕ್ಷಗಳಿಗಾಗಿ ಹುಟ್ಟಿದ್ದು. ಒಂದೂವರೆ ಗೇಣು ದಪ್ಪದ ಜಾಲಿ ತುಂಡು ಅದರ ಕೆಳಗೆ ಹೊರಳುತ್ತದೆ, ಬಿಗಿಹಿಡಿಯಲು ಬೇರೆ ಏರ್ಪಾಡು ಬೇಕು. ಮಲೆನಾಡಿನ ಹಲಸು, ಹಳೆಯ ಮಾವಿಗೆ ಒಪ್ಪುವ ಈ ಯಂತ್ರಕ್ಕೆ ನಮ್ಮ ಮೂರು ತಾಲ್ಲೂಕುಗಳಲ್ಲಿ ವರ್ಷವಿಡೀ ಕೆಲಸ ಸಿಕ್ಕೀತೆಂದು ನನಗೆ ಅನ್ನಿಸುವುದಿಲ್ಲ.

ಉಳಿದದ್ದು ಪಟ್ಟಿ ಗರಗಸ, ಬಡಗಿಗಳ ಬಾಯಲ್ಲಿ ಬ್ಯಾಂಡ್‌ಸಾ. ಪೇಟೆಯ ಸಾಮಿಲ್ಲಿನಲ್ಲಿ ಪಟ್ಟಿ ನೆಟ್ಟಗೆ ನಿಂತಿರುತ್ತದೆ, ದಿಮ್ಮಿಯನ್ನು ಟ್ರಾಲಿಯಲ್ಲಿ ತಳ್ಳುತ್ತಾರೆ. ಅಮೆರಿಕದ ವುಡ್‌ಮೈಜರ್, ಕೆನಡಾದ ನಾರ್‌ವುಡ್ ಮಾಡುವ ಯಂತ್ರಗಳಲ್ಲಿ ದಿಮ್ಮಿ ಕದಲುವುದಿಲ್ಲ, ಅಡ್ಡಲಾಗಿರುವ ಪಟ್ಟಿಯೇ ಹಳಿಯ ಮೇಲೆ ಸಾಗುತ್ತದೆ. ಸೀಳು ಸುಮಾರು 2 ಮಿಲಿಮೀಟರ್. ಅದೇ ತೊಲೆಗೆ 11 ಹಲಗೆ, ಪುಡಿಗೆ ಹೋಗುವುದು 20 ಮಿಲಿಮೀಟರ್ ಮಾತ್ರ. ಗಿಡ್ಡ ತುಂಡನ್ನೂ ಹಾಸಿನ ಹಿಡಿಕೆಗಳಲ್ಲಿ ಬಿಗಿದು ಕೊಯ್ಯಬಹುದು. ಗಾಲಿ ಇರುವ ಮಾದರಿಯಾದರೆ ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಹೋಗಬಹುದು. ಈ ನೆಲಕ್ಕೆ ಇದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರ ದೌರ್ಬಲ್ಯ ಸಣ್ಣದಲ್ಲ. ಒಂದು ಮೊಳೆ ತಾಗಿದರೆ ಪಟ್ಟಿಯ ಹಲ್ಲೆಲ್ಲ ಹೋಯಿತು. ಎರೆಮಣ್ಣು ಮೆತ್ತಿದ ತೊಗಟೆ ಅದನ್ನು ಬೇಗ ಮೊಂಡಾಗಿಸುತ್ತದೆ, ಮೊಂಡ ಪಟ್ಟಿ ಗಂಟಿನ ಬಳಿ ಏರಿಳಿದು ಹಲಗೆಯ ಮೇಲೆ ಅಲೆ ಮೂಡಿಸುತ್ತದೆ. ಮೆತ್ತನೆಯ ಮರಕ್ಕೆ ಹಲ್ಲಿನ ಓರೆ 10 ಡಿಗ್ರಿ ಇದ್ದರೆ ನಡೆಯುತ್ತದೆ. ಒಣಗಿದ ಜಾಲಿಗೆ 4ರಿಂದ 7 ಡಿಗ್ರಿಯ ಪಟ್ಟಿಯೇ ಬೇಕು. ಹಾಗಾಗಿ ಯಂತ್ರ ಕೊಳ್ಳುವವರು ಲೋಹ ಪತ್ತೆಹಚ್ಚುವ ಉಪಕರಣ, ದಿಮ್ಮಿ ತೊಳೆಯಲು ನೀರು, ಹತ್ತಾರು ಪಟ್ಟಿ, ಪಟ್ಟಿ ಮಸೆಯುವ ಯಂತ್ರ ಇವಿಷ್ಟನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳಬೇಕು. ಒಬ್ಬ ರೈತನಿಗೆ ಇದು ಭಾರ. ಹತ್ತು ಹಳ್ಳಿಯ ರೈತರ ಸಂಘಕ್ಕೆ ಸಾಧ್ಯ. ಕೂರಿಗೆ, ಕುಂಟೆ, ಚಕ್ಕಡಿ ಮಾಡಿ ಜಾಲಿಯ ಗುಣವನ್ನು ಕೈಯಲ್ಲೇ ಬಲ್ಲ ಬಡಿಗರು ನಮ್ಮಲ್ಲಿ ಇನ್ನೂ ಇದ್ದಾರೆ. ಯಂತ್ರವನ್ನು ಅವರ ಕೈಗೇ ಕೊಡಬೇಕು. ದಿಮ್ಮಿಯನ್ನು ಯಾವ ಮಗ್ಗುಲಿಗೆ ಹೊರಳಿಸಿ ಮೊದಲ ಸೀಳು ಹಾಕಬೇಕೆಂಬುದು ಅವರಿಗೆ ಗೊತ್ತು.

ಬಳ್ಳಾರಿ ಜಾಲಿಯ ಬಗ್ಗೆ ಎರಡು ಮಾತು. ನಾವು ಇದ್ದಿಲಿಗಷ್ಟೇ ಲಾಯಕ್ಕು ಎಂದುಕೊಂಡ ಈ ಮುಳ್ಳುಮರದ ಸೋದರ ಜಾತಿಗಳಿಂದ ಅರ್ಜೆಂಟೀನಾದಲ್ಲಿ, ಟೆಕ್ಸಾಸ್‌ನಲ್ಲಿ ಪೀಠೋಪಕರಣ, ನೆಲಹಾಸು ಮಾಡುತ್ತಾರೆ. ಒಣಗುವಾಗ ಬಹಳ ಕಡಿಮೆ ಕುಗ್ಗುವುದು ಅದರ ದೊಡ್ಡ ಗುಣ. ಸಣ್ಣ ಹಲಗೆಗಳನ್ನು ಜೋಡಿಸುವ ತಾಳ್ಮೆ ಇದ್ದರೆ ಹಳ್ಳದ ದಂಡೆಯೇ ನಮ್ಮ ಕಟ್ಟಿಗೆ ಅಡ್ಡೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೂ ಇದನ್ನು ಕಡಿಯಲು ವಿನಾಯಿತಿ ಇದೆ.

ಕೊಯ್ಯುವ ಯಂತ್ರದ ಮಾತು ಹಾಗಲ್ಲ. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ, ಕೇಂದ್ರೀಯ ಅಧಿಕಾರಯುಕ್ತ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ರಾಜ್ಯವೂ ಹೊಸ ಸಾಮಿಲ್ಲಿಗೆ ಅನುಮತಿ ಕೊಡಕೂಡದು ಎಂದಿತು. 2016ರ ಕೇಂದ್ರದ ಮಾರ್ಗಸೂಚಿಯಂತೆ ಈಗ ಆ ನಿರ್ಧಾರ ರಾಜ್ಯ ಮಟ್ಟದ ಸಮಿತಿಯದು. ಗಾಲಿಯ ಮೇಲಿದೆ ಎಂಬ ಧೈರ್ಯದಿಂದ ಯಾರೂ ಮುಂಗಡ ಕಟ್ಟಬಾರದು. ಅರಣ್ಯ ಇಲಾಖೆಯಿಂದ ಲಿಖಿತ ಉತ್ತರ ಪಡೆದ ಮೇಲಷ್ಟೇ ಕೊಳ್ಳಬೇಕು. ಒಡ್ಡಿನ ಮರಗಳನ್ನೇ ನಂಬಿದ ಇಂಥ ಸಣ್ಣ ಯಂತ್ರಗಳಿಗೆ ಸಮಿತಿ ಸರಳವಾದ ದಾರಿ ಮಾಡಿಕೊಡಬೇಕೆಂಬುದು ನನ್ನ ಆಗ್ರಹ.

ಇನ್ನು ಕಾಲ. ಮಳೆಗಾಲದಲ್ಲಿ ಎರೆಹೊಲಕ್ಕೆ ಗಾಲಿ ಇಳಿಸಿದರೆ ಹೂತು ಹೋಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ಹಸಿ ಹಲಗೆ ತುದಿಯಿಂದ ಸೀಳು ಬಿಡುತ್ತದೆ. ತೊಗರಿ ರಾಶಿ ಮುಗಿದು ನೆಲ ಗಟ್ಟಿಯಾದ ಮೇಲೆ ಶಿವರಾತ್ರಿಯವರೆಗಿನ ದಿನಗಳೇ ಕೊಯ್ತಕ್ಕೆ ಸರಿ. ಆಗ ಕೊಯ್ದು, ತುದಿಗಳಿಗೆ ಮೇಣವೋ ಬಣ್ಣವೋ ಬಳಿದು, ನಡುನಡುವೆ ಕಟ್ಟಿಗೆಯ ಪಟ್ಟಿಯಿಟ್ಟು ನೆರಳಿನಲ್ಲಿ ಒಟ್ಟಿದರೆ ಒಂದಿಂಚಿನ ಹಲಗೆ ಮುಂದಿನ ರಾಶಿಯ ಹೊತ್ತಿಗೆ ಬಡಿಗನ ಕೈಗೆ ಬರುತ್ತದೆ.