ಪ್ರೊಸೆಸರಿಗೆ ತಕ್ಕ ರ‍್ಯಾಮು

ಮನೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರನ್ನು ತರುವ ಉತ್ಸಾಹದಲ್ಲಿ ಅದರ ಕೋರ್‌ಗಳೆಷ್ಟು, ವೇಗವೆಷ್ಟು, ಬೆಲೆಯೆಷ್ಟು ಎಂಬುದನ್ನೆಲ್ಲ ವಾರಗಟ್ಟಲೆ ವಿಚಾರಿಸಿ ನಿಶ್ಚಯಿಸುವ ವಿವೇಕಿಗಳು ಕೂಡ, ರ‍್ಯಾಮಿನ ಪ್ರಸ್ತಾಪ ಬಂದೊಡನೆ ‘ಎಷ್ಟು ಜಿಬಿ?’ ಎಂಬ ಒಂದೇ ಪ್ರಶ್ನೆಯಲ್ಲಿ ವ್ಯವಹಾರವನ್ನು ಮುಗಿಸಿಬಿಡುವುದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಮುಂದೆ ನಿಂತವರೆಲ್ಲರೂ ಕಂಡಿರಬಹುದು. ಇನ್ನು ಕೆಲವರು ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದು, ಪೊಟ್ಟಣದ ಮೇಲೆ ಅಚ್ಚಾಗಿರುವ ಮೆಗಾಹರ್ಟ್ಸ್ ಸಂಖ್ಯೆಗಳಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡದೋ ಅದನ್ನೇ ಅಧಿಕ ಬೆಲೆ ತೆತ್ತು ಕೊಂಡೊಯ್ಯುತ್ತಾರೆ. ಈ ಎರಡು ಮಾರ್ಗಗಳೂ ಅಸಮರ್ಪಕವೆಂಬುದು ನನ್ನ ದೃಢವಾದ ಅಭಿಪ್ರಾಯ. ರ‍್ಯಾಮಿನ ಯೋಗ್ಯತೆಯೆಂಬುದು ಸ್ವತಂತ್ರವಾದುದಲ್ಲ. ಅದು ಯಾವ ಪ್ರೊಸೆಸರಿನ ಸೇವೆಗೆ ನಿಲ್ಲುವುದೋ ಆ ಪ್ರೊಸೆಸರಿನ ಸ್ವಭಾವವನ್ನು ಅನುಸರಿಸಿಯೇ ಅದರ ಮೌಲ್ಯ ನಿರ್ಧಾರವಾಗತಕ್ಕದ್ದು.

ಈ ಅವಲಂಬನೆಗೆ ಕಾರಣವನ್ನು ಮೆಮೊರಿಯ ರಚನೆಯಲ್ಲಿಯೇ ಕಾಣಬಹುದಾಗಿದೆ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬ ವಿಜ್ಞಾನಿಗೆ 1968ರಲ್ಲಿ ಪೇಟೆಂಟ್ ದೊರೆತ ಮೆಮೊರಿ ಕೋಶದಲ್ಲಿ ಇದ್ದುದು ಒಂದು ಟ್ರಾನ್ಸಿಸ್ಟರು ಮತ್ತು ಒಂದು ಕೆಪಾಸಿಟರು ಮಾತ್ರ. ಇಂದಿಗೂ ನಮ್ಮ ರ‍್ಯಾಮುಗಳೆಲ್ಲವೂ ಆ ಮೂಲತತ್ತ್ವವನ್ನೇ ಆಶ್ರಯಿಸಿವೆ. ಕೆಪಾಸಿಟರಿನಲ್ಲಿ ಸಂಗ್ರಹವಾದ ವಿದ್ಯುದಂಶವು ಸೋರಿಹೋಗುವ ಸ್ವಭಾವದ್ದಾದ್ದರಿಂದ, ಡಿಡಿಆರ್4 ರ‍್ಯಾಮಿನಲ್ಲಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿಯೊಂದು ಕೋಶವನ್ನೂ ಮತ್ತೆ ತುಂಬಿಸಬೇಕಾಗುತ್ತದೆ. ಇಂತಹ ಕೋಶವನ್ನು ಅಗ್ಗವಾಗಿ, ಅಪಾರ ಸಂಖ್ಯೆಯಲ್ಲಿ ನಿರ್ಮಿಸಬಹುದು. ಆದರೆ ಪ್ರೊಸೆಸರಿನ ವೇಗದಲ್ಲಿ ಓದಲಾಗದು. 4 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿಗೆ ಒಂದು ಹೆಜ್ಜೆಗೆ ಹಿಡಿಯುವ ಕಾಲ ಕಾಲು ನ್ಯಾನೋಸೆಕೆಂಡ್. ಅದೇ ಪ್ರೊಸೆಸರು ರ‍್ಯಾಮಿನಿಂದ ಒಂದು ಅಂಶವನ್ನು ಕೇಳಿ ಪಡೆಯುವಷ್ಟರಲ್ಲಿ ಸುಮಾರು 70, 80 ನ್ಯಾನೋಸೆಕೆಂಡ್ ಕಳೆದಿರುತ್ತದೆ. ಎಂದರೆ ಮುನ್ನೂರರಷ್ಟು ಹೆಜ್ಜೆಗಳ ಅವಕಾಶವು ನಿರೀಕ್ಷೆಯಲ್ಲಿಯೇ ವ್ಯಯವಾಗಿರುತ್ತದೆ. ಪ್ರೊಸೆಸರುಗಳ ವೇಗವೂ ಮೆಮೊರಿಯ ವೇಗವೂ ಬೇರೆ ಬೇರೆ ಗತಿಯಲ್ಲಿ ಬೆಳೆಯುತ್ತಿರುವುದನ್ನು ಗಮನಿಸಿ, ಮುಂದೊಂದು ದಿನ ಕಂಪ್ಯೂಟರು ಮೆಮೊರಿಯೆಂಬ ಗೋಡೆಗೆ ಹಾಯುವುದೆಂದು ವರ್ಜೀನಿಯ ವಿಶ್ವವಿದ್ಯಾನಿಲಯದ ವುಲ್ಫ್ ಮತ್ತು ಮೆಕ್‌ಕೀ ಎಂಬಿಬ್ಬರು ವಿದ್ವಾಂಸರು 1995ರಲ್ಲಿಯೇ ಎಚ್ಚರಿಸಿದ್ದರು. ಪ್ರೊಸೆಸರಿನೊಳಗಿನ ಕ್ಯಾಶ್ ಮೆಮೊರಿಯು ಆ ಗೋಡೆಯ ಎತ್ತರವನ್ನು ಬಹುಮಟ್ಟಿಗೆ ತಗ್ಗಿಸಿದೆಯಾದರೂ, ಅದನ್ನು ನಿರ್ಮೂಲ ಮಾಡಿಲ್ಲ.

ಹಿಂದೆ ರ‍್ಯಾಮು ಹೊಂದಿಕೊಳ್ಳಬೇಕಾಗಿದ್ದುದು ಮದರ್‌ಬೋರ್ಡಿನ ಮೇಲಿದ್ದ ಚಿಪ್‌ಸೆಟ್ಟಿಗೆ. 2003ರ ಸುಮಾರಿನಲ್ಲಿ ಅಥ್ಲಾನ್ ಎಕ್ಸ್‌ಪಿ ಪ್ರೊಸೆಸರನ್ನು ಬಳಸುತ್ತಿದ್ದವರಿಗೆ ಈ ಪಾಠ ಚೆನ್ನಾಗಿ ತಿಳಿದಿದ್ದಿತು: ಪ್ರೊಸೆಸರನ್ನು ಚಿಪ್‌ಸೆಟ್ಟಿಗೆ ಜೋಡಿಸುವ ಬಸ್ಸು 333ರ ಗತಿಯಲ್ಲಿರುವಾಗ ರ‍್ಯಾಮನ್ನು 400ರ ಗತಿಯಲ್ಲಿ ಓಡಿಸಿದರೆ ಯಂತ್ರವು ಚುರುಕಾಗುವ ಬದಲು ಹಲವು ವೇಳೆ ಮಂದವೇ ಆಗುತ್ತಿದ್ದಿತು. ಅದೇ ವರ್ಷ ಅಥ್ಲಾನ್ 64 ಬಂದಾಗ ಎಎಂಡಿ ಸಂಸ್ಥೆಯು ಚಿಪ್‌ಸೆಟ್ಟಿನಲ್ಲಿದ್ದ ಮೆಮೊರಿ ಕಂಟ್ರೋಲರನ್ನು, ಎಂದರೆ ರ‍್ಯಾಮಿನೊಡನೆ ವ್ಯವಹರಿಸುವ ಭಾಗವನ್ನು, ಪ್ರೊಸೆಸರಿನೊಳಕ್ಕೇ ತಂದಿತು. 2008ರಲ್ಲಿ ಇಂಟೆಲ್ ಸಂಸ್ಥೆಯೂ ಮೊದಲ ಕೋರ್ ಐ7 ಪ್ರೊಸೆಸರಿನಲ್ಲಿ ಹಾಗೆಯೇ ಮಾಡಿತು. ಅಂದಿನಿಂದ ರ‍್ಯಾಮಿನ ವೇಗದ ಮೇಲ್ಮಿತಿಯನ್ನು ಮೊದಲು ನಿಶ್ಚಯಿಸುವುದು ಪ್ರೊಸೆಸರೇ. ಮದರ್‌ಬೋರ್ಡಿನ ಅಧಿಕಾರವು ಎರಡನೆಯದು.

ಇಷ್ಟನ್ನು ಹೇಳಿದ ಬಳಿಕ, ನಮ್ಮಲ್ಲಿ ಬಹಳ ಮನೆಗಳಲ್ಲಿ ಇಂದು ಎದುರಾಗುತ್ತಿರುವ ಒಂದು ಪ್ರಕರಣವನ್ನು ಎತ್ತಿಕೊಳ್ಳುತ್ತೇನೆ. 2018ರ ಸುಮಾರಿನಲ್ಲಿ ಕೊಂಡ ಬಿ450 ಮದರ್‌ಬೋರ್ಡು, ಅದರಲ್ಲಿ ರೈಜನ್ 5 2600 ಪ್ರೊಸೆಸರು, ಜೊತೆಗೆ 2400ರ ವೇಗದ ಡಿಡಿಆರ್4 ರ‍್ಯಾಮಿನ ಒಂದು 8 ಜಿಬಿ ಸ್ಟಿಕ್. ಎಎಂ4 ಎಂಬ ಆ ಸಾಕೆಟ್ಟಿನ ದೀರ್ಘಾಯುಷ್ಯದ ಫಲವಾಗಿ, ಬಯಾಸನ್ನು ನವೀಕರಿಸಿಕೊಂಡರೆ (ಹಳೆಯ ಪ್ರೊಸೆಸರು ಇನ್ನೂ ಬೋರ್ಡಿನಲ್ಲಿರುವಾಗಲೇ ಈ ಕಾರ್ಯವನ್ನು ಮುಗಿಸತಕ್ಕದ್ದು) ಅದೇ ಬೋರ್ಡಿನಲ್ಲಿ 2022ರ ರೈಜನ್ 5 5600 ಪ್ರೊಸೆಸರನ್ನು ಕೂರಿಸಬಹುದು. ಹೊಸ ಪ್ರೊಸೆಸರನ್ನು ತಂದವನು ಹಳೆಯ ರ‍್ಯಾಮನ್ನೇ ಉಳಿಸಿಕೊಂಡರೆ ಯಂತ್ರವೇನೋ ಎದ್ದು ನಿಲ್ಲುತ್ತದೆ. ಆದರೆ ಕೊಟ್ಟ ಹಣದ ಒಂದು ಪಾಲು ಒಳಗೇ ಬಂಧಿತವಾಗಿರುತ್ತದೆ.

ಅದು ಹೇಗೆಂಬುದನ್ನು ತುಸು ಸಾವಧಾನವಾಗಿ ನೋಡುವುದು ಒಳ್ಳೆಯದು. ಈ ಪ್ರೊಸೆಸರಿನಲ್ಲಿ ಕೋರ್‌ಗಳಿರುವುದು ಒಂದು ಸಿಲಿಕಾನ್ ತುಣುಕಿನಲ್ಲಿ, ಮೆಮೊರಿ ಕಂಟ್ರೋಲರು ಇರುವುದು ಮತ್ತೊಂದರಲ್ಲಿ. ಎರಡಕ್ಕೂ ನಡುವೆ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಸಂಪರ್ಕಮಾರ್ಗವಿದೆ. ಕ್ಯಾಶಿನಲ್ಲಿ ಸಿಗದ ಪ್ರತಿಯೊಂದು ಅಂಶವೂ ಆ ಮಾರ್ಗವನ್ನು ಹಾದೇ ಬರಬೇಕು. ಈ ಮಾರ್ಗದ ಗಡಿಯಾರವು, ನಾವಾಗಿ ಬದಲಿಸದ ಹೊರತು, ರ‍್ಯಾಮಿನ ಗಡಿಯಾರವನ್ನೇ ಅನುಸರಿಸುತ್ತದೆ. ಪೊಟ್ಟಣದ ಮೇಲಿನ ಸಂಖ್ಯೆಯು ಒಂದು ಬಡಿತಕ್ಕೆ ಎರಡು ವಿನಿಮಯಗಳಂತೆ ಲೆಕ್ಕ ಹಿಡಿದು ಬರೆದುದಾದ್ದರಿಂದ, 2400ರ ರ‍್ಯಾಮಿನ ನಿಜವಾದ ಗಡಿಯಾರ 1200 ಮೆಗಾಹರ್ಟ್ಸ್. ಫ್ಯಾಬ್ರಿಕ್ ಕೂಡ ಅಷ್ಟಕ್ಕೇ ಇಳಿಯುತ್ತದೆ. ರ‍್ಯಾಮನ್ನು 3600ಕ್ಕೆ ಏರಿಸಿದರೆ ಎರಡೂ 1800ಕ್ಕೆ ಏರುತ್ತವೆ. ಕಂಟ್ರೋಲರಿನಿಂದ ಸ್ಟಿಕ್ಕುಗಳಿಗೆ ಹೋಗುವ ಎರಡು ಚಾನೆಲ್ಲುಗಳು ಕೂಡಿ ಒಂದು ವಿನಿಮಯಕ್ಕೆ 16 ಬೈಟುಗಳನ್ನು ಕೊಡುವುದರಿಂದ 3600ರ ಎರಡು ಸ್ಟಿಕ್ಕುಗಳ ಜೋಡಿಯ ಸಾಮರ್ಥ್ಯ ಸೆಕೆಂಡಿಗೆ 57.6 ಗಿಗಾಬೈಟ್. ಫ್ಯಾಬ್ರಿಕ್ಕಾದರೋ ಓದುವಾಗ ಒಂದು ಬಡಿತಕ್ಕೆ 32 ಬೈಟುಗಳನ್ನು ಸಾಗಿಸುತ್ತದೆ. 1800ರ ಗತಿಯಲ್ಲಿ ಅದೂ ಸರಿಯಾಗಿ 57.6 ಗಿಗಾಬೈಟ್. ತರುವವನ ಕೈಯೂ ಪಡೆಯುವವನ ಕೈಯೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಸರಿಹೊಂದುವ ಈ ಲೆಕ್ಕಾಚಾರದಲ್ಲಿ ಆ ಪ್ರೊಸೆಸರನ್ನು ರೂಪಿಸಿದವರ ಮನೋಧರ್ಮವು ನನಗೆ ಗೋಚರಿಸುತ್ತದೆ, ಮತ್ತು ಅದನ್ನು ಗೌರವಿಸಬೇಕೆನಿಸುತ್ತದೆ.

ಹಾಗಾದರೆ 3600ಕ್ಕಿಂತ 4000 ಮೇಲಲ್ಲವೆ ಎಂದು ಕೇಳುವವರುಂಟು. ಇಲ್ಲಿಯೇ ಸೂಕ್ಷ್ಮವಿರುವುದು. ಎಎಂಡಿಯು ಈ ಪ್ರೊಸೆಸರುಗಳಿಗೆ ಅಧಿಕೃತವಾಗಿ ವಿಧಿಸಿರುವ ವೇಗ 3200 ಮಾತ್ರ. 3600 ಬಹುಪಾಲು ಎಲ್ಲದರಲ್ಲಿಯೂ ಸುಗಮವಾಗಿ ನಡೆಯುತ್ತದೆ. ಕೆಲವು ಫ್ಯಾಬ್ರಿಕ್‌ಗಳು 1900 ಮೆಗಾಹರ್ಟ್ಸ್‌ವರೆಗೂ ಏರುವಷ್ಟು ಸಮರ್ಥವಾಗಿರುತ್ತವೆ. ಅದಕ್ಕೂ ಮೀರಿದ ರ‍್ಯಾಮನ್ನು ಹಾಕಿದಾಗ ಮೆಮೊರಿ ಕಂಟ್ರೋಲರು ಸಾಮಾನ್ಯವಾಗಿ ಅದರೊಡನೆ ಸಮಗತಿಯಲ್ಲಿ ಓಡಲಾರದೆ ಅರ್ಧಗತಿಗೆ ಇಳಿದುಬಿಡುತ್ತದೆ. ಒಂದೊಂದು ಅಂಶಕ್ಕೂ ಕಾಯುವ ಕಾಲ ಹೆಚ್ಚುತ್ತದೆ. 4000ರ ಪೊಟ್ಟಣಕ್ಕೆ ಹಣ ತೆತ್ತವನು ಅನೇಕ ಕೆಲಸಗಳಲ್ಲಿ 3600ರವನಿಗಿಂತ ಹಿಂದೆ ಬೀಳುತ್ತಾನೆ. ಗಾಯಕನ ಶ್ರುತಿ ಯಾವುದೋ ಮೃದಂಗವನ್ನು ಅದಕ್ಕೇ ಸೇರಿಸಬೇಕಲ್ಲದೆ, ಹೆಚ್ಚು ಬಿಗಿದಷ್ಟೂ ನಾದ ಹೆಚ್ಚುವುದೆಂದು ಮೇಲಕ್ಕೇರಿಸುವ ವಾದಕನನ್ನು ಯಾವ ಸಭೆಯೂ ಒಪ್ಪುವುದಿಲ್ಲ.

ವೇಗದಂತೆಯೇ ಪರೀಕ್ಷಿಸಬೇಕಾದ ಇನ್ನೊಂದು ಸಂಖ್ಯೆಯು ಸ್ಟಿಕ್ಕಿನ ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ. 16-18-18-38 ಎಂಬಂತೆ ನಾಲ್ಕು ಅಂಕೆಗಳು, ಪಕ್ಕದಲ್ಲಿ 1.35 ವೋಲ್ಟ್ ಎಂಬ ಉಲ್ಲೇಖ. ಮೊದಲನೆಯ ಅಂಕೆಯೇ ಸಿಎಲ್. ಕೇಳಿದ ಅಂಶ ಹೊರಬೀಳಲು ಎಷ್ಟು ಬಡಿತಗಳು ಕಳೆಯಬೇಕೆಂಬುದನ್ನು ಅದು ಸೂಚಿಸುತ್ತದೆ. ಆ ಅಂಕೆಯನ್ನು 2000ದಿಂದ ಗುಣಿಸಿ ರ‍್ಯಾಮಿನ ವೇಗದಿಂದ ಭಾಗಿಸಿದರೆ ನ್ಯಾನೋಸೆಕೆಂಡಿನ ಲೆಕ್ಕ ಸಿಗುತ್ತದೆ. ಸಿಎಲ್16ರ 3200 ಸ್ಟಿಕ್ಕಿಗೆ 10 ನ್ಯಾನೋಸೆಕೆಂಡ್. ಸಿಎಲ್18ರ 3600ಕ್ಕೂ ಅಷ್ಟೇ 10. ಸಿಎಲ್16ರ 3600ಕ್ಕೆ 8.9, ಆದರೆ ಅಗ್ಗವೆಂದು ಕೈಗೆ ಬರುವ ಸಿಎಲ್22ರ 3200ಕ್ಕೆ 13.75. ಒಂದೇ ಗಾತ್ರ, ಒಂದೇ ವೇಗ ಎಂದು ಅಂಗಡಿಯ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಮಲಗಿರುವ ಎರಡು 3200 ಸ್ಟಿಕ್ಕುಗಳಲ್ಲಿ ಈ ಮಟ್ಟಿನ ಅಂತರ ಅಡಗಿರಬಹುದಾದ್ದರಿಂದ, ಚೀಟಿಯನ್ನು ಬೆಳಕಿಗೆ ಹಿಡಿದು ಓದದೆ ಹಣ ಕೊಡಬಾರದು.

ಸ್ಟಿಕ್ಕುಗಳ ಸಂಖ್ಯೆಯ ವಿಷಯದಲ್ಲಿ ನನ್ನ ನಿಲುವು ನಿಸ್ಸಂದಿಗ್ಧ: ಎರಡು ಬೇಕು, ಒಂದು ಸಲ್ಲದು, ನಾಲ್ಕು ಬೇಡ. ಒಂದೇ ಸ್ಟಿಕ್ಕಾದರೆ ಒಂದು ಚಾನೆಲ್ಲು ಬರಿದಾಗಿ ಉಳಿದು ಸಾಗಣೆಯ ಸಾಮರ್ಥ್ಯ ಅರ್ಧವಾಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದೆ, ರೈಜನ್ 5 5600ಜಿಯಂತಹ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲಿಯೇ ಮಕ್ಕಳು ಆಟವಾಡುವ ಮನೆಗಳಲ್ಲಿ ಇದು ಮಹಾನಷ್ಟ. ಏಕೆಂದರೆ ಆ ಗ್ರಾಫಿಕ್ಸ್‌ಗೆ ಸ್ವಂತದ ಮೆಮೊರಿಯಿಲ್ಲ, ಪರದೆಯ ಮೇಲೆ ಮೂಡುವ ಪ್ರತಿಯೊಂದು ಚಿತ್ರಕ್ಕೂ ಅದು ಇದೇ ರ‍್ಯಾಮನ್ನು ಆಶ್ರಯಿಸಬೇಕು. ನಾಲ್ಕು ಸ್ಟಿಕ್ಕುಗಳನ್ನು ತುಂಬಿದರೆ ಕಂಟ್ರೋಲರಿನ ಮೇಲೆ ಭಾರ ಹೆಚ್ಚುತ್ತದೆ: ಡಿಡಿಆರ್5 ಬಳಸುವ ರೈಜನ್ 7000 ಶ್ರೇಣಿಯಲ್ಲಿ ಎರಡು ಸ್ಟಿಕ್ಕುಗಳಿಗೆ 5200 ಎಂದಿರುವ ಅಧಿಕೃತ ವೇಗವು ನಾಲ್ಕಕ್ಕೆ 3600ಕ್ಕೆ ಕುಸಿಯುತ್ತದೆ. ಹಳೆಯ ಸ್ಟಿಕ್ಕಿನ ಪಕ್ಕಕ್ಕೆ ಹೊಸದನ್ನು ಸೇರಿಸಿದರೆ ಎರಡೂ ನಿಧಾನವಾದುದರ ವೇಗಕ್ಕೇ ಇಳಿಯುವುದರಿಂದ, ಒಂದೇ ಪೊಟ್ಟಣದಲ್ಲಿ ಬಂದ ಜೋಡಿಯನ್ನೇ ಕೇಳಿ ಪಡೆಯಬೇಕು. ನಾಲ್ಕು ಸ್ಲಾಟುಗಳಿರುವ ಬೋರ್ಡಿನಲ್ಲಿ ಆ ಜೋಡಿಯ ಸ್ಥಾನ, ಸಾಮಾನ್ಯವಾಗಿ, ಪ್ರೊಸೆಸರಿನ ಕಡೆಯಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು.

ಇಂಟೆಲ್ ಪ್ರೊಸೆಸರುಳ್ಳವರು ಬೋರ್ಡಿನ ಕಡೆಗೂ ಅಷ್ಟೇ ಗಮನ ಕೊಡಬೇಕು. ಐ5-10400 ಪ್ರೊಸೆಸರಿನ ಅಧಿಕೃತ ವೇಗ 2666. ಎಚ್410 ಅಥವಾ ಬಿ460 ಬೋರ್ಡಿನಲ್ಲಿ ಅದರೊಡನೆ 3200ರ ರ‍್ಯಾಮನ್ನು ಹಾಕಿದರೂ ಅದು 2666ರಲ್ಲಿಯೇ ಓಡುವುದು. ಈ ನಿರ್ಬಂಧವು 2021ರ ಬಿ560 ಬೋರ್ಡುಗಳಿಂದೀಚೆಗೆ ಸಡಿಲವಾಯಿತು. ಹನ್ನೆರಡನೆಯ ಪೀಳಿಗೆಯ ಪ್ರೊಸೆಸರುಗಳು ಡಿಡಿಆರ್4, ಡಿಡಿಆರ್5 ಎರಡನ್ನೂ ಬಲ್ಲವು. ಆದರೆ ಬೋರ್ಡಿನ ಸ್ಲಾಟು ಒಂದನ್ನು ಮಾತ್ರ ಬಲ್ಲದು. ಎರಡಕ್ಕೂ ಪಿನ್ನುಗಳು 288 ಇದ್ದರೂ ನಡುವಿನ ಕಚ್ಚು ಬೇರೆ ಸ್ಥಾನದಲ್ಲಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರದು. ಡಿಡಿಆರ್5 ಪ್ರಪಂಚದಲ್ಲಿಯೂ ಹಿಂದಿನ ನ್ಯಾಯವೇ ಅನ್ವಯಿಸುತ್ತದೆ: ರೈಜನ್ 7000ಕ್ಕೆ 6000, ಸಿಎಲ್30ರ ಜೋಡಿಯು ಕಂಟ್ರೋಲರಿನೊಡನೆ ಸಮಗತಿಯಲ್ಲಿ ನಡೆಯುವ ಉಚಿತವಾದ ಸ್ಥಾನ; 8000ದ ಪೊಟ್ಟಣವು ಅದೇ ಕಂಟ್ರೋಲರನ್ನು ಅರ್ಧಗತಿಗೆ ತಳ್ಳುತ್ತದೆ.

ಇದಕ್ಕೆಲ್ಲ ಅಪವಾದವೂ ಒಂದುಂಟು. 2022ರ ರೈಜನ್ 7 5800ಎಕ್ಸ್3ಡಿಯಂತಹ ಪ್ರೊಸೆಸರಿನೊಳಗೆ 96 ಮೆಗಾಬೈಟುಗಳ ಎಲ್3 ಕ್ಯಾಶ್ ಇದೆ, 5600ರಲ್ಲಿರುವುದು 32. ರ‍್ಯಾಮಿನ ಬಾಗಿಲಿಗೆ ಹೋಗಬೇಕಾದ ಪ್ರಸಂಗಗಳೇ ಅಲ್ಲಿ ವಿರಳವಾಗುವುದರಿಂದ, ಆ ಪ್ರೊಸೆಸರನ್ನು ಕೊಳ್ಳುವವರು ಸಾಧಾರಣ 3200ರ ಜೋಡಿಯಲ್ಲಿಯೇ ಸಂತುಷ್ಟರಾಗಿರಬಹುದು.

ಗಾತ್ರದ ಮಾತನ್ನು ಕೊನೆಗೆ ಉಳಿಸಿದೆನಾದರೂ ಪ್ರಾಮುಖ್ಯದಲ್ಲಿ ಅದೇ ಮೊದಲನೆಯದು. ರ‍್ಯಾಮು ತುಂಬಿ ತುಳುಕಿದಾಗ ಯಂತ್ರವು ಎಸ್‌ಎಸ್‌ಡಿಯ ಮೊರೆಹೊಗುತ್ತದೆ. ಅಲ್ಲಿನ ಲೆಕ್ಕ ಮೈಕ್ರೋಸೆಕೆಂಡುಗಳಲ್ಲಿ. ಅಂತಹ ಸಂದರ್ಭದಲ್ಲಿ ಸಿಎಲ್16ಕ್ಕೂ ಸಿಎಲ್18ಕ್ಕೂ ಇರುವ ಭೇದದಿಂದ ಯಾವ ಪ್ರಯೋಜನವೂ ಇಲ್ಲ. ಬರಹ, ಬ್ರೌಸರು, ಮಕ್ಕಳ ಪಾಠಗಳಿಗೆ 16 ಜಿಬಿ ಸಾಕು. ಫೋಟೊ, ವೀಡಿಯೊ ಸಂಕಲನ ಮಾಡುವವರು 32ಕ್ಕೆ ಹೋಗುವುದು ಯುಕ್ತ. 2025ರ ಉತ್ತರಾರ್ಧದಿಂದ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯ ಪರಿಣಾಮವಾಗಿ, ಮೆಮೊರಿಯ ಬೆಲೆ ತೀವ್ರವಾಗಿ ಏರಿರುವ ಈ ಕಾಲದಲ್ಲಿ, ಈಗಾಗಲೇ ಸಿಎಲ್16ರ 3200 ಜೋಡಿಯನ್ನು ಹೊಂದಿರುವವರು 3600ಕ್ಕಾಗಿ ಒಂದು ರೂಪಾಯಿಯನ್ನೂ ವ್ಯಯಿಸಬಾರದೆಂಬುದು ನನ್ನ ಖಚಿತವಾದ ಸಲಹೆ. 2400ರ ಒಂಟಿ ಸ್ಟಿಕ್ಕುಳ್ಳವರು ಮಾತ್ರ ಹೊಸ ಪ್ರೊಸೆಸರಿನೊಡನೆ ಅದನ್ನೂ ಬದಲಿಸಲೇಬೇಕು. ಹಣ ಸಾಲದಿದ್ದರೆ ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದಾದರೂ ರ‍್ಯಾಮಿನ ಜೋಡಿಯನ್ನು ಪೂರ್ಣ ಮಾಡಿಕೊಳ್ಳಬೇಕು.

ಮನೆಗೆ ತಂದು ಕೂರಿಸಿದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ಸ್ಟಿಕ್ಕಿನೊಳಗೆ ಅದರ ಗುಣಲಕ್ಷಣಗಳನ್ನು ಬರೆದಿಟ್ಟ ಪುಟ್ಟ ಚಿಪ್ಪೊಂದಿರುತ್ತದೆ. ಬೋರ್ಡು ಮೊದಲ ಬಾರಿಗೆ ಅದನ್ನು ಓದಿ, 3600ರ ಸ್ಟಿಕ್ಕನ್ನೂ 2133 ಅಥವಾ 2400ರ ಸುರಕ್ಷಿತ ವೇಗದಲ್ಲಿ ಎಬ್ಬಿಸುತ್ತದೆ. ಬಯಾಸಿಗೆ ಹೋಗಿ ಎಕ್ಸ್‌ಎಂಪಿ, ಡಿಡಿಆರ್5 ರೈಜನ್ ಆದರೆ ಎಕ್ಸ್‌ಪೋ, ಎಂಬ ಆಯ್ಕೆಯನ್ನು ಜಾರಿಮಾಡಿದ ಬಳಿಕವೇ ಕೊಂಡ ವೇಗ ನಿಮ್ಮದಾಗುತ್ತದೆ. ವರ್ಷಾನುಗಟ್ಟಲೆ ಆ ಆಯ್ಕೆಯನ್ನು ತೆರೆಯದೆಯೇ ಯಂತ್ರವನ್ನು ನಡೆಸುತ್ತಿರುವವರು ಬಹುಮಂದಿ. ಅವರಿಗೆ ಹೊಸ ರ‍್ಯಾಮಿನ ಅಗತ್ಯವೇ ಇಲ್ಲದಿರಬಹುದು. ಸಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ 3600ರ ರ‍್ಯಾಮು 1800ರ ಸುಮಾರಿನಲ್ಲಿ ಕಾಣಿಸಿದರೆ ಗಾಬರಿಯಾಗಬೇಕಾದುದಿಲ್ಲ. ಅದು ಗಡಿಯಾರದ ನಿಜವಾದ ಬಡಿತವಷ್ಟೆ. ಅನಂತರ ಒಂದು ರಾತ್ರಿ ಮೆಮ್‌ಟೆಸ್ಟ್86 ಪರೀಕ್ಷೆಯನ್ನು ನಡೆಯಗೊಡಿರಿ. ಬೆಳಗ್ಗೆ ಒಂದೇ ಒಂದು ದೋಷ ಕಂಡರೂ ಎಕ್ಸ್‌ಎಂಪಿಯನ್ನು ತೆಗೆದು ಮತ್ತೊಮ್ಮೆ ಪರೀಕ್ಷಿಸಿರಿ. ಆಗಲೂ ದೋಷ ಉಳಿದರೆ, ಬಿಲ್ಲಿನ ಸಮೇತ ಜೋಡಿಯನ್ನು ಅಂಗಡಿಗೆ ಹಿಂದಿರುಗಿಸಿರಿ.