ಎರಡು ಹವೆಯ ಮನೆ

ಡಿಸೆಂಬರ್ ಚಳಿ ಬೀಳುತ್ತಿದ್ದಂತೆ ಬೆಂಗಳೂರಿನಲ್ಲಿ ಬಾಲ್ ಪೈಥಾನ್ ಸಾಕಿದವರಿಂದ ಫೋನುಗಳು ಶುರುವಾಗುತ್ತವೆ. ಹಾವು ಇಲಿ ಮುಟ್ಟುತ್ತಿಲ್ಲ, ನುಂಗಿದ್ದನ್ನು ಮೂರನೆಯ ದಿನ ಕಕ್ಕಿಬಿಟ್ಟಿತು, ಉಸಿರಾಡುವಾಗ ಸಿಳ್ಳಿನಂಥ ಸದ್ದು ಬರುತ್ತಿದೆ. ನಾನು ಮೊದಲು ಕೇಳುವುದು ಇಷ್ಟೆ: ಪೆಟ್ಟಿಗೆಯ ಬೆಚ್ಚಗಿನ ಕಡೆ ಎಷ್ಟು ಡಿಗ್ರಿ, ತಂಪಿನ ಕಡೆ ಎಷ್ಟು? ಹೆಚ್ಚಿನವರು ಒಂದೇ ಅಂಕಿ ಹೇಳುತ್ತಾರೆ. ತೊಂದರೆ ಇರುವುದು ಆ ಒಂದೇ ಅಂಕಿಯಲ್ಲಿ.

ಹಾವಿನ ಮೈ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಮೊಟ್ಟೆಗಳನ್ನು ಸುತ್ತಿ ಮಲಗಿದ ಹೆಬ್ಬಾವು ಸ್ನಾಯುಗಳನ್ನು ಅದುರಿಸಿ ಕಾವು ಕೊಡುವುದುಂಟು, ಆದರೆ ಅದು ಅಪರೂಪ. ಉಳಿದಂತೆ ಹಾವು ಶಾಖವನ್ನು ಹುಡುಕಿಕೊಂಡು ಹೋಗುತ್ತದೆ, ಸಾಕೆನಿಸಿದಾಗ ನೆರಳಿಗೆ ಸರಿಯುತ್ತದೆ. ಸರೀಸೃಪಗಳು ಹೀಗೆ ಓಡಾಟದಿಂದಲೇ ಮೈಯ ಉಷ್ಣತೆಯನ್ನು ಹದದಲ್ಲಿ ಇಟ್ಟುಕೊಳ್ಳುತ್ತವೆ ಎಂಬುದನ್ನು ಅಮೆರಿಕದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೊಗರ್ಟ್ 1944ರಲ್ಲಿ ಮರುಭೂಮಿಯ ಹಾವು, ಹಲ್ಲಿಗಳನ್ನು ಗಮನಿಸಿ ತೋರಿಸಿಕೊಟ್ಟರು. ಕೌಲ್ಸ್ ಮುಂದೆ ಹಲ್ಲಿಗಳಿಗೆ ತುಪ್ಪಳದ ಪುಟ್ಟ ಅಂಗಿ ತೊಡಿಸಿಯೂ ನೋಡಿದ್ದರು. ಅಂಗಿ ತೊಟ್ಟ ಹಲ್ಲಿಗಳು ಬೆಚ್ಚಗಾಗಲು ಇನ್ನೂ ತಡಮಾಡಿದವು. ಒಳಗೆ ಒಲೆಯೇ ಇಲ್ಲದ ಮೈಗೆ ಹೊದಿಕೆಯಿಂದ ಆಗುವುದೇನು?

ಆದ್ದರಿಂದ ನಾವು ಕೊಡಬೇಕಾದದ್ದು ಎರಡು ಹವೆ ಇರುವ ಮನೆ. ಎತ್ತ ಹೋಗಬೇಕೆಂದು ಹಾವೇ ತೀರ್ಮಾನಿಸಲಿ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕದ್ದು. ಘಾನಾ, ಟೋಗೊ, ಬೆನಿನ್ ಕಡೆ ಹಗಲನ್ನು ಇಲಿಯ ಬಿಲದಲ್ಲೋ ಹುತ್ತದಲ್ಲೋ ಕಳೆದು ರಾತ್ರಿ ಹೊರಬೀಳುವ ಪ್ರಾಣಿ. ಅದಕ್ಕೆ ಒಂದು ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25ರಿಂದ 27 ಡಿಗ್ರಿ ಇದ್ದರೆ ಸುಖ. ಎರಡೂ ಕಡೆ ಮೈ ಮುಚ್ಚಿಕೊಳ್ಳಲು ಒಂದೊಂದು ಗೂಡು ಬೇಕೇಬೇಕು. ತಂಪಿನ ಕಡೆ ಮಾತ್ರ ಗೂಡಿಟ್ಟರೆ ಅಂಜುಬುರುಕ ಹಾವು ಬಿಸಿಯನ್ನೇ ಬಿಟ್ಟುಕೊಟ್ಟು ಅಲ್ಲೇ ಉಳಿಯುತ್ತದೆ. ನುಂಗಿದ ಇಲಿ ಹೊಟ್ಟೆಯಲ್ಲಿ ಜೀರ್ಣವಾಗದೆ ಕೊಳೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕಿಟಕಿ ಪಕ್ಕ, ಬರಿ ನೆಲದ ಮೇಲೆ ಇಟ್ಟ ಗಾಜಿನ ಪೆಟ್ಟಿಗೆ ಕೋಣೆಯಷ್ಟೇ ತಣ್ಣಗಾಗುತ್ತದೆ. ಹಾವಿಗೆ ವಪೆಯಿಲ್ಲ, ನಮ್ಮಂತೆ ಕೆಮ್ಮಿ ಕಫ ಹೊರಹಾಕಲಾರದು. ಚಳಿಯಲ್ಲಿ ಅಂಟಿಕೊಂಡ ಶ್ವಾಸಕೋಶದ ಸೋಂಕು ಬೇಗ ಬಿಡುವುದಿಲ್ಲ.

ಆದರೂ ನನಗೆ ಚಳಿಗಿಂತ ಹೆಚ್ಚು ಭಯ ಹುಟ್ಟಿಸುವುದು ಚಳಿಗೆ ಹೆದರಿ ಜನ ಮಾಡುವ ಏರ್ಪಾಡು. ಬೆನ್ನುನೋವಿಗೆಂದು ತಂದ ಹೀಟಿಂಗ್ ಪ್ಯಾಡನ್ನು ಪೆಟ್ಟಿಗೆಯ ಅಡಿಗೆ ತುರುಕುತ್ತಾರೆ. ಕೋಳಿಮರಿಗಳಿಗೆ ಕಾವು ಕೊಡುವ ದೀಪವನ್ನು ಪೆಟ್ಟಿಗೆಯೊಳಗೇ ತೂಗುಹಾಕುತ್ತಾರೆ. ಒಳಗೆ ವೈರು ಸುತ್ತಿದ ಕೃತಕ ‘ಬಿಸಿಕಲ್ಲು’ ತಂದಿಡುವವರೂ ಇದ್ದಾರೆ. ಅದನ್ನಂತೂ ಕಂಡಲ್ಲಿ ಎತ್ತಿ ಹೊರಗಿಡಿ. ಬಾಲ್ ಪೈಥಾನಿನ ತುಟಿಯಂಚಿನಲ್ಲಿ ಸಾಲಾಗಿ ಶಾಖ ಗ್ರಹಿಸುವ ಕುಳಿಗಳಿವೆ. ಕಗ್ಗತ್ತಲಲ್ಲೂ ಇಲಿಯ ಮೈಬಿಸಿಯನ್ನು ಗುರುತಿಸುವ ಜೀವ ಅದು. ಅಂಥದ್ದೇ ಹಾವು, ಸುತ್ತಲೂ ತಣ್ಣಗಿದ್ದಾಗ, ಹೊಟ್ಟೆಯ ಹುರುಪೆ ಬೇಯುತ್ತಿದ್ದರೂ ಬಿಸಿಕಲ್ಲನ್ನು ಬಿಟ್ಟು ಏಳುವುದಿಲ್ಲ. ಸುಟ್ಟ ಗಾಯ ತಕ್ಷಣ ಕಾಣುವುದೂ ಇಲ್ಲ. ಕೆಲವು ದಿನ ಕಳೆದು ಹುರುಪೆ ಕಂದು ತಿರುಗಿ ನೀರು ಒಸರಿದಾಗಲೇ ಸಾಕಿದವರಿಗೆ ಗೊತ್ತಾಗುವುದು. ವಾಸಿಯಾಗಲು ತಿಂಗಳುಗಳು ಬೇಕು, ಹಲವು ಸಲ ಪೊರೆ ಬಿಡಬೇಕು.

ಯಾವ ಹೀಟರೇ ಆಗಲಿ, ಥರ್ಮೋಸ್ಟ್ಯಾಟ್ ಇಲ್ಲದೆ ಪ್ಲಗ್ಗಿಗೆ ಹಾಕಕೂಡದು. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿಗೆ ಸಿದ್ಧನಿಲ್ಲ. ಹೀಟ್ ಮ್ಯಾಟ್ ಆದರೆ ಬಿಸಿಯಾಗಿ ಆರಿ ಮತ್ತೆ ಹೊತ್ತುವ ಸಾದಾ ಥರ್ಮೋಸ್ಟ್ಯಾಟ್ ಸಾಕು. ಬೆಳಕು ಕೊಡುವ ಬಲ್ಬಿಗೆ ಮಂದ ಮಾಡುವ ಬಗೆಯದ್ದೇ ಬೇಕು, ಇಲ್ಲದಿದ್ದರೆ ದಿನವಿಡೀ ಹೊತ್ತಿ ಆರಿ ಹಾವಿಗೂ ಹಿಂಸೆ, ಬಲ್ಬಿಗೂ ಆಯುಷ್ಯವಿಲ್ಲ. ಬೆಳಕಿಲ್ಲದೆ ಶಾಖ ಕೊಡುವ ಸೆರಾಮಿಕ್ ಹೀಟರ್ ರಾತ್ರಿಗೆ ಒಳ್ಳೆಯದು. ಅದಕ್ಕೆ ಪಿಂಗಾಣಿ ಹೋಲ್ಡರೇ ಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗಿ ಬೆಂಕಿಗೆ ದಾರಿಯಾಗುತ್ತದೆ. ಪೆಟ್ಟಿಗೆಯೊಳಗಿನ ಬಲ್ಬಿಗೂ ಸೆರಾಮಿಕ್ಕಿಗೂ ತಂತಿಬಲೆಯ ಕಾಪು ತಪ್ಪದೆ ಇರಲಿ, ಏಕೆಂದರೆ ಹಾವು ಹತ್ತಿ ಸುತ್ತಿಕೊಂಡೇ ಸುತ್ತಿಕೊಳ್ಳುತ್ತದೆ.

ಇಷ್ಟು ಮಾಡಿಯೂ ಕೆಡುವುದು ಉಷ್ಣತೆ ಅಳೆಯುವ ಪ್ರೋಬ್ ಇಡುವ ಜಾಗದಲ್ಲಿ. ಥರ್ಮೋಸ್ಟ್ಯಾಟಿಗೆ ಪ್ರೋಬೇ ಕಣ್ಣು. ಅದನ್ನು ಪೆಟ್ಟಿಗೆಯೊಳಗೆ ಸಡಿಲವಾಗಿ ಬಿಟ್ಟರೆ ಹಾವು ತಂಪಿನ ಕಡೆಗೆ ತಳ್ಳುತ್ತದೆ, ಇಲ್ಲವೇ ನೀರಿನ ಬಟ್ಟಲಿಗೆ ಬೀಳಿಸುತ್ತದೆ. ‘ಇನ್ನೂ ತಣ್ಣಗಿದೆ’ ಎಂದುಕೊಂಡ ಯಂತ್ರ ಮ್ಯಾಟನ್ನು ಪೂರ್ತಿ ಉರಿಸುತ್ತದೆ. ಮ್ಯಾಟ್ ಪೆಟ್ಟಿಗೆಯ ಅಡಿಗಿದ್ದರೆ ಪ್ರೋಬನ್ನು ಮ್ಯಾಟಿಗೂ ಗಾಜಿಗೂ ನಡುವೆ ಭದ್ರವಾಗಿ ಕೂರಿಸಬೇಕು. ಮ್ಯಾಟ್ ತಳದ ಮೂರನೆಯ ಒಂದು ಭಾಗವನ್ನಷ್ಟೇ ಆವರಿಸಲಿ. ಪೆಟ್ಟಿಗೆಯ ಮೂಲೆಗಳಿಗೆ ಸಣ್ಣ ಕಾಲು ಕೊಟ್ಟು ಕೆಳಗೆ ಗಾಳಿಯಾಡಲು ಬಿಡಿ. ಕೊಕೊಪೀಟ್ ದಪ್ಪವಾಗಿ ಹಾಸಿದರೆ ಶಾಖ ಅಡಿಯಲ್ಲೇ ಕಟ್ಟಿಕೊಳ್ಳುತ್ತದೆ. ಮೇಲೆ ಅಳೆದರೆ 30, ಹಾವು ಕೊರೆದುಕೊಂಡು ಇಳಿಯುವ ಗಾಜಿನ ಮೇಲೆ 40 ದಾಟಿರಬಹುದು. ಹಾಗಾಗಿ ಅಳೆಯಬೇಕಾದದ್ದು ಹಾವಿನ ಹೊಟ್ಟೆ ತಾಗುವ ಜಾಗವನ್ನು. ಅಕ್ವೇರಿಯಂಗೆ ಅಂಟಿಸುವ ಬಣ್ಣದ ಪಟ್ಟಿ ಈ ಕೆಲಸಕ್ಕೆ ಬಾರದು. ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಗನ್ ಚೆನ್ನ, ಆದರೆ ಹೊರಗಿನಿಂದ ಗುರಿಯಿಟ್ಟರೆ ಅದು ಹೇಳುವುದು ಗಾಜಿನ ಉಷ್ಣತೆಯನ್ನು. ಬಾಗಿಲು ತೆರೆದು ಅಳೆಯಿರಿ.

ಮೊಟ್ಟೆಯ ಇನ್‌ಕ್ಯುಬೇಟರಿಗೆ ಬಳಸುವ ಅಗ್ಗದ ಕಂಟ್ರೋಲರುಗಳ ಬಗ್ಗೆಯೂ ಹೇಳಬೇಕು. ಅವುಗಳೊಳಗಿನ ರಿಲೇ ಸವೆದಾಗ ಕೆಲವೊಮ್ಮೆ ಅಂಟಿಕೊಂಡು ನಿಲ್ಲುತ್ತದೆ, ಆಗ ಹೀಟರ್ ಆರುವುದೇ ಇಲ್ಲ. ಅಂಥವನ್ನೇ ಬಳಸುವವರು ಅದೇ ಲೈನಿನಲ್ಲಿ ಎರಡನೆಯದೊಂದನ್ನು ಜೋಡಿಸಿ 36 ಡಿಗ್ರಿಗೆ ಕಡಿದುಹೋಗುವಂತೆ ಇಡಲಿ. ಮರದ ಪೆಟ್ಟಿಗೆ ಇರುವ ಮನೆಯಲ್ಲಿ ಹೊಗೆ ಪತ್ತೆಹಚ್ಚುವ ಅಲಾರಂ ಇರಲಿ.

ಕರೆಂಟು ಹೋದರೆ ಗಾಬರಿ ಬೇಡ. ಆರೋಗ್ಯವಂತ ದೊಡ್ಡ ಹಾವು ಕೆಲವು ಗಂಟೆಯ ತಂಪನ್ನು ತಡೆದುಕೊಳ್ಳುತ್ತದೆ. ಗಾಳಿಕಿಂಡಿ ಬಿಟ್ಟು ಪೆಟ್ಟಿಗೆಗೆ ಕಂಬಳಿ ಹೊದಿಸಿದರೆ ಒಳಗಿದ್ದ ಬಿಸಿ ಬೇಗ ಆರುವುದಿಲ್ಲ. ಹೊತ್ತು ಹೆಚ್ಚಾದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ತುದಿಯಲ್ಲಿಡಿ. ಅಂದು ಊಟ ಮಾತ್ರ ಕೊಡಬೇಡಿ.

ಇದೆಲ್ಲ ಕಾನೂನಿನಂತೆ ತಂದ, ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಿದ ವಿದೇಶಿ ಹಾವುಗಳ ಮಾತು. ನಾಗರ, ಕೇರೆ, ನಮ್ಮ ಹೆಬ್ಬಾವುಗಳನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಇಡುವ ಅಗತ್ಯವೂ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳು ಸಿಕ್ಕಿದ್ದವು. ಕಾಗದವಿಲ್ಲದೆ ಹಾವು ಮಾರುವವರಿಂದ ಕೊಂಡರೆ ಆ ಪಯಣಕ್ಕೆ ನಾವೇ ದುಡ್ಡು ಕೊಟ್ಟಂತಾಗುತ್ತದೆ.

ಕಲಬುರಗಿ, ರಾಯಚೂರಿನ ಓದುಗರಿಗೆ ಬೇರೆಯೇ ಲೆಕ್ಕ. ಏಪ್ರಿಲ್, ಮೇನಲ್ಲಿ ಅಲ್ಲಿ ಹೊರಗೇ 40 ದಾಟುತ್ತದೆ. ಹೀಟರ್ ಕಿತ್ತಿಡಿ, ಪೆಟ್ಟಿಗೆಯನ್ನು ಮನೆಯ ಅತಿ ತಂಪಾದ ಕೋಣೆಗೆ ಒಯ್ಯಿರಿ, ದೊಡ್ಡ ಬಟ್ಟಲಲ್ಲಿ ನೀರಿಡಿ. ತಂಪಿನ ತುದಿಯೂ 33 ದಾಟಿತೆಂದರೆ ಹಾವಿಗೆ ಸರಿದುಕೊಳ್ಳಲು ಜಾಗವೇ ಉಳಿಯುವುದಿಲ್ಲ. ಆಗ ಕೂಲರ್ ಇರುವ ಕೋಣೆಯಲ್ಲಿ ಮನೆಯವರ ಜೊತೆ ಅದಕ್ಕೂ ಜಾಗ ಮಾಡಿಕೊಡಿ.